ಹುಣಸೆಮರದ ತಿರುವಿನಲ್ಲಿ ಬಸ್ಸು ನಿಲ್ಲುವುದಿಲ್ಲ

ನಂದಗುಡಿಯಿಂದ ಬೆಂಗಳೂರಿಗೆ ಹೋಗುವ ಬೆಳಗಿನ ಬಸ್ಸು ಹುಣಸೆಮರದ ತಿರುವಿನಲ್ಲಿ ನಿಲ್ಲಕೂಡದು ಅಂತ ಅರವತ್ತೆಂಟರಲ್ಲಿ ಆಜ್ಞೆ ಬಂತು. ಫ್ಯಾಕ್ಟರಿ ನೌಕರರಿಗೆ ಹೊತ್ತಾಗುತ್ತದಂತೆ. ಯೋಜನೆ ಹಾಕಿದ ಮಹಾನುಭಾವರು ಫ್ಯಾನಿನ ಕೆಳಗೆ ಕೂತು ನಕ್ಷೆಯಲ್ಲಿ ಗೆರೆ ಎಳೆದಿದ್ದರು; ಗೆರೆಯ ಪಕ್ಕದ ಹಳ್ಳಿಗಳು ಅವರ ಕಣ್ಣಿಗೆ ಬೀಳಲಿಲ್ಲ. ದೊಡ್ಡಾಸ್ಪತ್ರೆ ಇದ್ದದ್ದು ಬೆಂಗಳೂರಿನಲ್ಲಿ. ಹಳ್ಳಿಯವರು ಅಲ್ಲಿಗೆ ಹೇಗೆ ಬರಬೇಕೆಂದು ಯಾರೂ ಕೇಳಲಿಲ್ಲ.

ಕಂಡಕ್ಟರ್ ಆವಲಪ್ಪ ಹೊಟ್ಟೆಪಾಡಿನ ಮನುಷ್ಯ. ನಿಲ್ಲಿಸಬೇಡ ಅಂದರು, ನಿಲ್ಲಿಸಲಿಲ್ಲ. ಆಷಾಢದ ಒಂದು ಬೆಳಿಗ್ಗೆ ಕದಿರಮ್ಮ ಎಂಬ ಹೆಂಗಸು ಜ್ವರದ ಮಗಳನ್ನು ಹೆಗಲಿಗೆ ಹಾಕಿಕೊಂಡು, ಬಸ್ಸಿನ ಜೊತೆಗೇ ಓಡುತ್ತ ತಗಡು ಬಡಿದಳು.

"ಅಣ್ಣಾ, ನಿಲ್ಸಣ್ಣಾ! ಕೂಸು ಕಣ್ಣೇ ಬಿಡ್ತಿಲ್ಲ!"

ಆವಲಪ್ಪನ ಬಾಯಲ್ಲಿ ಸೀಟಿ ಇತ್ತು. ಊದಲಿಲ್ಲ. ಮಧ್ಯಾಹ್ನದ ಬಸ್ಸು ಬರುವ ಮೊದಲೇ ಮಗು ಮರದ ಕೆಳಗೆ ತೀರಿಕೊಂಡಿತು ಅಂತ ಮಾರನೆಯ ದಿನ ನಂದಗುಡಿಯ ಹೋಟೆಲಿನಲ್ಲಿ ಯಾರೋ ಹೇಳಿದರು. ಆವಲಪ್ಪ ಕುಡಿಯುತ್ತಿದ್ದ ಕಾಫಿ ಅರ್ಧಕ್ಕೇ ಬಿಟ್ಟು ಎದ್ದುಹೋದ.

ಅಂದಿನಿಂದ ಆ ತಿರುವು ಬಂದರೆ ತಗಡು ಬಡಿಯುವ ಸದ್ದು. ಹೊರಗೆ ಇಣುಕಿದರೆ ಯಾರೂ ಇಲ್ಲ.

"ನಿಂಗೂ ಕೇಳುಸ್ತಾ, ಬೀರಪ್ಪಣ್ಣಾ?" ಅಂತ ಆವಲಪ್ಪ ಡ್ರೈವರ್ ದೊಡ್ಡಬೀರಪ್ಪನನ್ನು ಕೇಳಿದ.

"ಹಳೇ ಬಸ್ಸು ಕಣೋ, ತಗಡು ಅದುರ್ತದೆ," ಅಂದ ಬೀರಪ್ಪ. ಹಾಗಂದವನು ಅವನ ಕಡೆ ತಿರುಗಿಯೂ ನೋಡಲಿಲ್ಲ.

ಒಂದು ದಿನ ತಡೆಯಲಾರದೆ ಆವಲಪ್ಪ ಸೀಟಿ ಊದಿಬಿಟ್ಟ. ಬಸ್ಸು ನಿಂತಿತು, ಯಾರೂ ಹತ್ತಲಿಲ್ಲ. ಪ್ರಯಾಣಿಕರು ಬಾಯಿಗೆ ಬಂದಂತೆ ಬೈದರು. ಕಚೇರಿಯಿಂದ ಮೆಮೊ ಬಂತು: ಇನ್ನೊಮ್ಮೆ ನಿಲ್ಲಿಸಿದರೆ ಕೆಲಸ ಹೋಗುತ್ತದೆ. ಅವನ ದುಡಿಮೆಯ ಮೇಲೇ ಮನೆ ನಡೆಯಬೇಕು. ಆದರೂ ಮರುದಿನ ಸದ್ದು ಕೇಳಿತು, ಊದಿದ.

ಈ ಸಲ ಮರದಡಿಯಿಂದ ಕದಿರಮ್ಮ ಎದ್ದು ಬಂದಳು. ಬರಿಗೈ. ಹತ್ತಿದವಳು ಕಿಟಕಿಯ ಪಕ್ಕ ಒಂದಿಷ್ಟು ಜಾಗ ಬಿಟ್ಟು ಕೂತಳು.

"ಎಲ್ಲಿಗೆ ತಾಯಿ?"

"ದೊಡ್ಡಾಸ್ಪತ್ರೆಗೆ. ನಂದೊಂದು, ಒಂದು ಹಾಫು."

ಅವಳ ಮುಖ ನೋಡಲಾರದೆ ಆವಲಪ್ಪ ಎರಡೂ ಟಿಕೆಟು ಹರಿದುಕೊಟ್ಟ.

ಹೊಸಕೋಟೆಯಲ್ಲಿ ಬಸ್ಸು ತುಂಬಿಹೋಯಿತು. ಚೆಕಿಂಗ್ ಇನ್‌ಸ್ಪೆಕ್ಟರ್ ಹತ್ತಿ ಬಂದ. ಆವಲಪ್ಪನ ಕೆಲಸ ಅವನ ಕೈಯಲ್ಲಿತ್ತು. ಕಿಟಕಿಯ ಪಕ್ಕದ ಜಾಗ ಕಂಡು, "ಅತ್ಲಾಗೆ ಸರ್ಕೊಳಮ್ಮ," ಅಂದ.

ಆವಲಪ್ಪ ಕೈ ಅಡ್ಡ ಹಿಡಿದ.

"ಅಲ್ಲಿ ಮಗು ಕೂತೈತೆ, ಸಾರ್."