ಹಸನಬಿ ಕೇಳದೆ ಬಿಟ್ಟ ಕೀಲಿಕೈ

ಗಜೇಂದ್ರಗಡದಲ್ಲಿ ಹಸನಬಿಯ ಕೌದಿ ಎಂದರೆ ಹೆಸರಿತ್ತು. ಹಳೇ ಸೀರೆ, ಹರಿದ ಲುಂಗಿ, ಏನು ಕೊಟ್ಟರೂ ಹೊದಿಕೆಯಾಗಿ ಹೊಲಿದು ಅದರಲ್ಲೇ ನವಿಲು ಕೂರಿಸುತ್ತಿದ್ದಳು, ಬಳ್ಳಿ ಹಬ್ಬಿಸುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡುವುದು ಅವಳ ಪದ್ಧತಿ. “ಹಸದ ಕೌದಿ ಯಾರಿಗೂ ಕೊಡಬಾರ್ದು” ಎನ್ನುತ್ತಿದ್ದಳು.

ಸಕ್ಕರೆ ಕಾಯಿಲೆಗೆ ಕಣ್ಣು ಮಂಜಾದ ಮೇಲೆ ಸೂಜಿ ಕೆಳಗಿಟ್ಟಳು. ಕೌದಿಗಳೆಲ್ಲ ಮಾರಿಹೋಗಿದ್ದವು. ಉಳಿದದ್ದು ವೆಬ್‌ಸೈಟಿನಲ್ಲಿದ್ದ ಅವುಗಳ ಫೋಟೋ ಮಾತ್ರ. ಆ ಸೈಟ್ ಮಾಡಿದವನು ಅವಳ ತಂಗಿಯ ಮಗ ಇಮ್ರಾನ. ರೋಣದ ಒಂದು ಕಂಪ್ಯೂಟರ್ ಅಂಗಡಿಯಲ್ಲಿ ಕುಳಿತು ಹತ್ತಾರು ಜನರಿಗೆ ಸೈಟ್ ಮಾಡಿಕೊಡುತ್ತಿದ್ದ ಹುಡುಗ. ಆ ಫೋಟೋ ನೋಡಿಯೇ ಸೊಸೆ ಮೆಹನಾಜ ಮತ್ತು ಓಣಿಯ ಹೆಣ್ಣುಮಕ್ಕಳು ಅತ್ತೆಯ ಚಿತ್ತಾರ ಹೊಲಿಯುತ್ತಿದ್ದರು.

ಎರಡು ಸಾವಿರದ ಎಂಟರ ಪಂಚಮಿಗೆ ಮೆಹನಾಜಳ ಗೆಳತಿ ರೂಪಾ ತವರಿಗೆ ಬಂದಳು. ನರಗುಂದದಲ್ಲಿ ಕಂಪ್ಯೂಟರ್ ಕಲಿಸುವ ಹೆಣ್ಣುಮಗಳು. ಹಬ್ಬದ ಉಂಡಿ ಕೊಡಲು ಬಂದವಳು ಸೈಟ್ ನೋಡಿ ಕೇಳಿದಳು:

“ಚಲೋ ಐತಿ. ಯಾರ ಹೆಸರಿನ್ಯಾಗ ಐತಿ ಇದು?”

“ನಮ್ಮ ಇಮ್ರಾನನ ಹೆಸರಿನ್ಯಾಗ. ಪಾಸ್‌ವರ್ಡೂ ಅವನ ಕಡೇನ ಐತಿ,” ಎಂದಳು ಮೆಹನಾಜ.

“ಹಂಗ ಬಿಡಬ್ಯಾಡ್ರಿ. ಸೈಟಿನ ಹೆಸರು ಬ್ಯಾರೆ, ಅದು ಕುಂದ್ರೂ ಜಾಗಾ ಬ್ಯಾರೆ. ಹೆಸರಿಗೆ ಡೊಮೇನ್ ಅಂತಾರ, ಜಾಗಕ್ಕ ಹೋಸ್ಟಿಂಗ್. ಎರಡೂ ಬಾಡಗಿವು. ವರ್ಷಾ ಕಟ್ಟದಿದ್ರ ಹೋಗಿಬಿಡ್ತಾವ. ಕಟ್ರಿ ಅಂತ ನೆನಪು ಮಾಡೂ ಪತ್ರ ಇಮ್ರಾನನ ಇಮೇಲಿಗೆ ಬರ್ತಾವ, ನಿಮಗಲ್ಲ. ಎಲ್ಲಾ ನಿಮ್ಮ ಹೆಸರಿಗೆ ಮಾಡಿಸ್ಕೋರಿ. ಫೋಟೋ ಒಂದು ಸಿ.ಡಿ.ಗೆ ಹಾಕಿಸಿ ಟ್ರಂಕಿನ್ಯಾಗ ಇಡ್ರಿ.”

ಹಸನಬಿಗೆ ಸಿಟ್ಟು ಬಂತು. “ನನ್ನ ತಂಗಿ ಮಗನ ಕಡಿಂದ ಕೀಲಿಕೈ ಕಸ್ಕೋ ಅಂತೀ ಏನವಾ? ನಾಳಿ ತಂಗಿಗೆ ಹ್ಯಾಂಗ ಮಾರಿ ತೋರಸ್ಲಿ?”

“ಸಂಶಯದ ಮಾತಲ್ರಿ ಚಾಚಿ. ಮನಷ್ಯಾ ಅಂದಮ್ಯಾಲ ಹೆಚ್ಚುಕಡಿಮಿ ಇರ್ತಾವ.”

“ಹಬ್ಬದಾಗ ಅಂಥಾ ಮಾತು ಬ್ಯಾಡ. ಚಾ ಕುಡಿ.”

ರಂಜಾನಿಗೆ ಇಮ್ರಾನ ಬಂದ. ಹಬ್ಬದ ಪಾಯಸ ಸುರಕುಂಬಾ ಕುಡಿಯುತ್ತಿದ್ದಾಗ ಮೆಹನಾಜ ಸೈಟಿನ ಮಾತು ತೆಗೆದಳು. ಹಸನಬಿ ಗುರಾಯಿಸಿದಳು. ಅವನೇ ನಕ್ಕು ಹೇಳಿದ, “ನಾ ಇದ್ದೀನಲ್ರಿ ಭಾಬಿ, ನಿಮಗ್ಯಾಕ ಚಿಂತಿ?” ಪ್ರೀತಿಯಿಂದಲೇ ಹೇಳಿದ. ಮಾತು ಅಲ್ಲಿಗೇ ನಿಂತಿತು.

ಆ ಚಳಿಗಾಲದಲ್ಲಿ ನರೇಗಲ್ ರಸ್ತೆಯಲ್ಲಿ, ಹಿಂದೆ ದೀಪವಿಲ್ಲದ ಟ್ರ್ಯಾಕ್ಟರಿಗೆ ಇಮ್ರಾನನ ಗಾಡಿ ಬಡಿಯಿತು. ಇನ್ನೂ ಮದುವೆಯಾಗದ ಹುಡುಗ, ಅಲ್ಲೇ ತೀರಿಕೊಂಡ. ಅವನ ತಾಯಿಯ ಮುಂದೆ ಕುಳಿತು ಸೈಟಿನ ಮಾತು ಯಾರು ಎತ್ತಬೇಕು? ನಲವತ್ತನೇ ದಿನದ ಫಾತೇಹಾ ಪ್ರಾರ್ಥನೆ ಆಗುವವರೆಗೆ ಯಾರೂ ಎತ್ತಲಿಲ್ಲ. ಅದು ತಪ್ಪು ಎಂದು ಯಾರೂ ಅನ್ನಲಾರರು. ಆದರೆ ಬಾಡಿಗೆಯ ಗಡುವಿಗೆ ಯಾರ ಮನೆಯಲ್ಲಿ ಸಾವಾಗಿದೆ ಎಂಬುದು ಗೊತ್ತಿರುವುದಿಲ್ಲ. ಸತ್ತವನ ಇಮೇಲಿಗೆ ಪತ್ರ ಬಂದವು, ಅಲ್ಲೇ ಕೊಳೆತವು.

“ನಿಮ್ಮ ಸೈಟ್ ತೆರೀವಲ್ದು” ಎಂದು ಗಿರಾಕಿಯೊಬ್ಬರು ಫೋನ್ ಮಾಡಿದಾಗಲೇ ಮೆಹನಾಜ ರೂಪಾಳನ್ನು ನೆನೆದಳು. ರೂಪಾ ಜಾಗ ಬಾಡಿಗೆಗೆ ಕೊಟ್ಟಿದ್ದ ಕಂಪನಿಯವರ ಜೊತೆ ಮಾತಾಡಿದಳು. ಯಾರ ಹೆಸರಿದೆಯೋ ಅವರೇ ಕೇಳಬೇಕು ಎಂದರು. ಸಾವಿನ ದಾಖಲೆ ಕಳಿಸುವಷ್ಟರಲ್ಲಿ ಜಾಗ ಖಾಲಿ ಮಾಡಿ ಫೋಟೋ ಎಲ್ಲ ಅಳಿಸಿಬಿಟ್ಟಿದ್ದರು. ರೋಣದ ಅಂಗಡಿಯ ಕಂಪ್ಯೂಟರೂ ಬೇರೆಯವರ ಕೈಗೆ ಹೋಗಿ, ಒಳಗಿದ್ದದ್ದೆಲ್ಲ ಅಳಿಸಿಹೋಗಿತ್ತು.

“ನವಿಲಿನ ಕೌದಿ?” ಕೇಳಿದಳು ಹಸನಬಿ.

“ಇಲ್ರಿ ಅತ್ತಿ.”

“ಬಳ್ಳಿದು?”

“ಅದೂ ಸಿಗಲಿಲ್ರಿ.”

ಹಸನಬಿ ಸೊಸೆಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. ಆಮೇಲೆ ಹೇಳಿದಳು, “ಕೇಳಿದ್ರ ನಕ್ಕೋತ ಕೊಡತಿದ್ದ ಹುಡಗ. ನಾನ ಕೇಳಾಕ ಬಿಡಲಿಲ್ಲ.”

ಮುಂದೆ ರೂಪಾ ಹೊಸ ಸೈಟ್ ಮಾಡಿದಳು. ಹೆಸರು, ಜಾಗ, ಇಮೇಲ್ ಎಲ್ಲ ಮೆಹನಾಜಳದೇ. ಒಪ್ಪಿಸುವ ದಿನ ಹಸನಬಿ ರೂಪಾಳನ್ನು ಏಳಗೊಡಲಿಲ್ಲ. “ಮೊದಲ ನನ್ನ ಸೊಸಿ ತನ್ನ ಕೈಲೆ ತಗದು ನೋಡ್ಲಿ. ಸಿ.ಡಿ. ಟ್ರಂಕಿಗೆ ಬೀಳ್ಲಿ. ಕೌದಿ ಹಂಗ ಇದೂ ಹಸದು ಹೋಗಬಾರ್ದು.” ಮೆಹನಾಜ ತೆರೆದು ತೋರಿಸಿದಳು. ಹೊಸ ಕೌದಿಗಳು ಸಾಲಾಗಿ ಕಂಡವು. ಅವುಗಳಲ್ಲಿ ಹಸನಬಿಯದು ಒಂದೂ ಇರಲಿಲ್ಲ.

ಅಂಗಡಿಗೆ, ಸಂಘಕ್ಕೆ, ಸಾಲೆಗೆ ಸೈಟ್ ಮಾಡಿಸಿರುವ ಅಕ್ಕ-ಅಣ್ಣಂದಿರೇ, ಅದು ಯಾರ ಹೆಸರಿನಲ್ಲಿದೆ, ಬಾಡಿಗೆ ಎಂದು ಮುಗಿಯುತ್ತದೆ, ನೆನಪಿನ ಪತ್ರ ಯಾರಿಗೆ ಬರುತ್ತದೆ ಎಂದು ಕೇಳಿ. ಪಾಸ್‌ವರ್ಡ್ ಪಡೆದು ನಿಮ್ಮ ಕೈಯಾರೆ ತೆರೆದು ನೋಡಿ. ಒಂದು ಪ್ರತಿ ಮನೆಯಲ್ಲಿಡಿ. ಸೈಟ್ ಮಾಡಿಕೊಡುವ ತಮ್ಮಂದಿರೇ, ಕೇಳಲಿ ಎಂದು ಕಾಯಬೇಡಿ, ನೀವೇ ಒಪ್ಪಿಸಿ. ನಂಬಿದವರನ್ನು ಕೇಳಲು ಸಂಕೋಚವಾಗುತ್ತದೆ, ನಿಜ. ಆದರೂ ಇವತ್ತೇ ಕೇಳಿ, ನಕ್ಕು ಕೊಡುವವರು ಎದುರಿಗೆ ಇರುವಾಗಲೇ.