ಡಬ್ಬಿಯೊಳಗೆ ಸಿಕ್ಕಿಬಿದ್ದ ತಾಯಿ

ಬೇಕರಿಯವನಿಗೆ ಖಾಲಿ ಪ್ಲಾಸ್ಟಿಕ್ ಡಬ್ಬಿ ಎಂದರೆ ಹಿಂದಿನ ಕಿಟಕಿಯಿಂದ ಆಚೆ ಎಸೆಯುವ ವಸ್ತು. ಅಲ್ಲಿ ಡಬ್ಬಿಗಳ ಗುಡ್ಡೆಯೇ ಬಿದ್ದಿತ್ತು.

ಒಂದು ಬೆಳಿಗ್ಗೆ, ಪಕ್ಕದಲ್ಲೇ ಹೊಲಿಗೆ ಅಂಗಡಿ ಇಟ್ಟಿದ್ದ ಅತ್ತಿಗೆ ಬಂದಳು. "ಏ ಮಾರಾಯ, ಮೆಟ್ಟಿಲ ಕೆಳಗೆ ಮರಿ ಹಾಕಿದೆಯಲ್ಲ ನಾಯಿ, ಅದರ ತಲೆ ನಿನ್ನ ಡಬ್ಬೀಲಿ ಸಿಕ್ಕೊಂಡಿದೆ. ಒಬ್ಬಳೇ ಹಿಡಿಯೋಕಾಗಲ್ಲ, ಬಾ."

"ಬೀದಿ ನಾಯಿ ಅತ್ತಿಗೆ, ಅದೇ ಬಿಡಿಸ್ಕೊಳ್ಳುತ್ತೆ. ಬ್ರೆಡ್ ಸೀದುಹೋಗುತ್ತೆ ಇಲ್ಲಿ."

"ಬ್ರೆಡ್ ಇನ್ನೊಂದ್ಸಲ ಮಾಡಬಹುದು ಕಣೋ."

ಅವನು ಹಿಟ್ಟಿನಿಂದ ತಲೆ ಎತ್ತಲಿಲ್ಲ.

ಮಧ್ಯಾಹ್ನ ಅವನ ಮಗಳು ಅತ್ತಿಗೆಯ ಹೊಲಿಗೆ ಮಿಷನ್ ಪಕ್ಕ ಕೂತು ಕಥೆ ಕೇಳುತ್ತಿದ್ದಳು. ಗೋಡೆ ತೆಳುವು, ಅವನಿಗೂ ಕೇಳಿಸಿತು.

"ಒಬ್ಬಳು ತಾಯಿ ಇದ್ಲು. ನಾಲ್ಕು ಮರಿ. ಹಸಿವಾಗಿ ಡಬ್ಬಿಗೆ ಮೂತಿ ಹಾಕಿದ್ಲು. ಬಿಸ್ಕತ್ತಿನ ಚೂರು ಸಿಕ್ತು, ತಲೆ ಆಚೆ ಬರ್ಲಿಲ್ಲ. ನೀರು ಎದುರಿಗೇ ಇದೆ, ನಾಲಿಗೆಗೆ ಎಟುಕಲ್ಲ. ಮರಿಗಳನ್ನ ನೆಕ್ಕೋಕೆ ಹೋದ್ರೆ ಡಬ್ಬಿ ಟಕ್ ಅಂತ ಬಡಿಯುತ್ತೆ."

"ಆಮೇಲೆ ದೊಡ್ಡಮ್ಮ?"

"ನಂಗೊತ್ತಿಲ್ಲ ಪುಟ್ಟಿ. ನಿಮ್ಮಪ್ಪನ್ನ ಕೇಳು."

ಮಗಳು ಓಡಿ ಬಂದಳು. "ಅಪ್ಪಾ, ಆಮೇಲೆ?"

"ಬಿಡಿಸ್ಕೊಂಡು ಹೋಯ್ತು."

"ಯಾರು ಬಿಡಿಸಿದ್ರು?"

ಅವನು ಕೈ ಒರೆಸಿಕೊಂಡು, ಖಾಲಿ ಮೈದಾ ಚೀಲ ಎತ್ತಿಕೊಂಡು ಹೊರಟ. ಅತ್ತಿಗೆ ಕತ್ತರಿ ಹಿಡಿದು ಹಿಂದೆಯೇ ಬಂದಳು.

ನಾಯಿ ಗೋಡೆಗೆ ಒರಗಿ ನಿಂತಿತ್ತು. ಉಸಿರಿಗೆ ಡಬ್ಬಿಯ ಒಳಗೆಲ್ಲ ಹಬೆ ಕಟ್ಟಿತ್ತು. ಅವನು ಚೀಲ ಹೊದಿಸಿ ಬಿಗಿಯಾಗಿ ಹಿಡಿದ. ಅತ್ತಿಗೆ ಕತ್ತರಿಯಿಂದ ಮೊದಲು ತಳಕ್ಕೆ ತೂತು ಮಾಡಿ ಗಾಳಿ ಬಿಟ್ಟಳು, ಆಮೇಲೆ ಪಕ್ಕ ಸೀಳಿದಳು.

"ಮೆಲ್ಲಗೆ ಅತ್ತಿಗೆ, ಕಿವಿ ಇದೆ!" ಎಂದ ಅವನು.

ನಾಯಿ ಒಂದು ಬೋಗುಣಿ ನೀರು ಕುಡಿದು, ಮರಿಗಳ ನಡುವೆ ಮಲಗಿತು. ಮೂರು ಮರಿ ತೆವಳಿಕೊಂಡು ಹಾಲಿಗೆ ಬಂದವು. ಒಂದು ಏಳಲಿಲ್ಲ.

ಉಳಿದ ಕಥೆಯನ್ನು ಮಗಳಿಗೆ ಅವನೇ ಹೇಳಿದ. ಏನನ್ನೂ ಮುಚ್ಚಿಡಲಿಲ್ಲ. "ಬೆಳಿಗ್ಗೇನೇ ಹೋಗಿದ್ರೆ ಅದೂ ಇರ್ತಿತ್ತು ಪುಟ್ಟಿ. ನಾನು ಹೋಗ್ಲಿಲ್ಲ."

ಸಂಜೆ ಅಪ್ಪ, ಮಗಳು ಕೂತು ಗುಡ್ಡೆಯಲ್ಲಿದ್ದ ಡಬ್ಬಿಗಳನ್ನೆಲ್ಲ ಎರಡು ಹೋಳು ಮಾಡಿ ಗುಜರಿಯವನಿಗೆ ಹಾಕಿದರು.

ನೀವೂ ಖಾಲಿ ಡಬ್ಬಿಯನ್ನು ತೊಳೆಯಿರಿ, ಎರಡಾಗಿ ಕತ್ತರಿಸಿ, ಗುಜರಿಗೆ ಕೊಡಿ. ಸಿಕ್ಕಿಬಿದ್ದ ಪ್ರಾಣಿ ಕಂಡರೆ ತಡಮಾಡದೆ ಪಶುವೈದ್ಯರಿಗೆ ತಿಳಿಸಿ. ನಿಮ್ಮ ಬೀದಿಯ ಪ್ರಾಣಿಗಳ ಕಥೆಯನ್ನು ಮನೆಯ ಮಕ್ಕಳಿಗೆ ಹೇಳಿ. ಕಥೆ ಕೇಳಿದ ಮಗು ಡಬ್ಬಿಯನ್ನು ಎಲ್ಲೆಂದರಲ್ಲಿ ಎಸೆಯುವುದಿಲ್ಲ. ನಿಮ್ಮನ್ನೂ ಎಸೆಯಲು ಬಿಡುವುದಿಲ್ಲ.