ಅಪ್ಪನ ಕೇಪಿನ ಕೋವಿ

ಅಪ್ಪ ಕೈಯಾರೆ ಮಾಡಿದ ಕೋವಿಗಳಲ್ಲಿ ಮಾರದೆ ಉಳಿಸಿಕೊಂಡದ್ದು ಒಂದನ್ನೇ. ಹಳೇ ನಮೂನೆಯ ಕೇಪಿನ ಕೋವಿ, ನಳಿಗೆಯ ಬಾಯಿಂದ ಕರಿಮದ್ದು ತುಂಬಬೇಕು. "ಇದನ್ನ ನೆಟ್ಟಗೆ ಇಟ್ಕೊಳ್ಳೋರಿಗೆ ಇದೂ, ಅಂಗಡೀನೂ" ಎಂದು ತನ್ನ ಹಳೇ ಗಿರಾಕಿಯೊಬ್ಬನ ಎದುರು ಮಕ್ಕಳಿಬ್ಬರಿಗೂ ಹೇಳಿದ್ದ. ಹಾಗೆ ಹೇಳಿದ ಸ್ವಲ್ಪ ದಿನಕ್ಕೇ ಲಕ್ವ ಹೊಡೆದು ಮಾತು ಬಿದ್ದುಹೋಯಿತು. ಎಡಗೈ ಮಾತ್ರ ಆಡುತ್ತಿತ್ತು.

ಅಂಗಡಿಯ ಮೇಲೆ ಮಗಳಿಗೆ ಚಿಕ್ಕಂದಿನಿಂದ ಜೀವ. ಅಲ್ಲಿ ಕೆಲಸ ಕಲಿತವನು ಮಾತ್ರ ಅಣ್ಣ. ಅವನೇ ಒಂದು ದಿನ, "ಮೊದಲು ನೀನೇ ಇಟ್ಕೊಂಡು ನೋಡೇ. ಹೊಡೆಯೋದು ನಾನು ಕಲಿಸ್ತೀನಿ. ಆಮೇಲೆ ಅಣ್ಣ ಅಡ್ಡಗಾಲು ಹಾಕಿದ ಅನ್ಬೇಡ" ಎಂದ. ಅವಳು ಕೋವಿಯನ್ನು ಎದೆಗವಚಿಕೊಂಡಳು.

ಪಾಳುಬಿದ್ದ ಕಲ್ಲುಕ್ವಾರಿಯಲ್ಲಿ ಪಾಠ. ಅಣ್ಣನ ತಾಳ್ಮೆ ನೋಡಿ ಅವಳಿಗೇ ಆಶ್ಚರ್ಯ.

"ಮದ್ದು ಮೊದಲು, ಗುಂಡು ಆಮೇಲೆ. ಉಲ್ಟಾ ಮಾಡಿದ್ರೆ ಕಾಗೆಗಳೂ ನಗ್ತವೆ. ಡಬ್ಬಿಯಿಂದ ನೇರ ಸುರೀಬೇಡ, ಅಳತೆ ಕೊಳವೆಗೆ ಹಾಕ್ಕೊಂಡು ಸುರಿ. ಒಳಗೆ ಕಿಡಿ ಉಳಿದಿದ್ರೆ ಡಬ್ಬಿ ಜೊತೆ ನೀನೂ ಹೋಗ್ತೀಯ."

ಎಣ್ಣೆ ಹಚ್ಚಿದ ಬಟ್ಟೆ ಚೂರಿನಲ್ಲಿ ಗುಂಡಿಟ್ಟು ಅವಳು ಕಡ್ಡಿಯಿಂದ ಅದುಮಿದಳು.

"ತಳ ಮುಟ್ಟೋ ತನಕ ಅದುಮು. ನಡುವೆ ನಿಂತ್ರೆ ನಳಿಗೆ ಬಿರಿಯುತ್ತೆ. ನಿನ್ನ ಮುಖ ಹೇಗೂ ಅಷ್ಟಕ್ಕಷ್ಟೆ, ನಳಿಗೆ ಮಾತ್ರ ಅಪ್ಪಂದು."

ಕಿಡಿ ಹಾರಿಸುವ ಕೇಪು ಕೂರಿಸಿ, ಅದನ್ನು ಬಡಿಯುವ ಕುದುರೆಯನ್ನು ಹಿಂದಕ್ಕೆಳೆದು ಹೊಡೆದಳು. ಕೊಳೆತ ಮೊಟ್ಟೆಯ ವಾಸನೆಯ ಬಿಳಿ ಹೊಗೆ ಎದುರಿನದನ್ನೆಲ್ಲ ನುಂಗಿತು. ಹೊಗೆ ಸರಿದಾಗ, ಗುರಿಗೆಂದು ನಿಲ್ಲಿಸಿದ್ದ ಹಲಗೆಯ ಅಂಚಿನಲ್ಲಿ ತೂತು. ಭುಜ ಹಿಡಿದುಕೊಂಡು ಅವಳು ಮಗುವಿನ ಹಾಗೆ ಕುಣಿದಳು.

ಅಂಗಡಿಗೆ ಮರಳಿದಾಗ ಅಣ್ಣ ಎಣ್ಣೆ ಕೊಟ್ಟ. "ಹೊರಗೆಲ್ಲ ಸವರಿ, ಬಟ್ಟೆ ಸುತ್ತಿಡು. ಆಯ್ತು."

ಮೂಲೆಯಲ್ಲಿ ಕೂತಿದ್ದ ಅಪ್ಪ ಕುರ್ಚಿಯ ಕೈಯನ್ನು ದಬದಬ ಬಡಿಯತೊಡಗಿದ. ಕಣ್ಣು ಒಮ್ಮೆ ಕೋವಿಯ ಮೇಲೆ, ಒಮ್ಮೆ ಒಲೆಯ ಮೇಲಿನ ಕೆಟಲ್ ಮೇಲೆ.

"ಟೀ ಬೇಕಂತೆ ಯಜಮಾನ್ರಿಗೆ" ಎಂದು ಅಣ್ಣ ಲೋಟ ತಂದು ಬಾಯಿಗೆ ಹಿಡಿದ. ಅಪ್ಪ ಮುಖ ಕೊಡವಿದ. ಟೀ ಗದ್ದದಿಂದ ಎದೆಗೆ ಇಳಿಯಿತು. "ಕುಡಿಯೋಕೆ ಬರಲ್ಲ, ರೋಫು ಮಾತ್ರ ನೋಡು!"

ಅವಳು ನಕ್ಕುಬಿಟ್ಟಳು. ಆಮೇಲೆ ಅಪ್ಪನ ಎದೆ ಒರೆಸಿದಳು.

ಪ್ರತಿ ವಾರ ಹೀಗೇ ನಡೆಯಿತು. ಅವಳ ಗುಂಡು ಹಲಗೆಯ ನಡುವಿಗೆ ಬರುತ್ತ ಹೋಯಿತು. ಅಪ್ಪನ ಬಡಿತ ಜೋರಾಗುತ್ತ ಹೋಯಿತು. ಪ್ರತಿ ಸಲವೂ ಟೀ.

ಚಳಿ ಮುಗಿದ ಮೇಲೆ, ಅಪ್ಪನ ಮಾತಿಗೆ ಸಾಕ್ಷಿಯಾಗಿದ್ದ ಆ ಹಳೇ ಗಿರಾಕಿ ಕೋವಿ ನೋಡಲು ಬಂದ. ಹೊರಮೈ ಕನ್ನಡಿಯ ಹಾಗಿತ್ತು. ಅವನು ಕಡ್ಡಿಗೆ ಬಿಳಿ ಬಟ್ಟೆ ಸುತ್ತಿ ನಳಿಗೆಯೊಳಗೆ ತುರುಕಿದ. ಅದು ನಡುವೆ ಸಿಕ್ಕಿಕೊಂಡಿತು. ಜಗ್ಗಿ ಎಳೆದಾಗ ಬಟ್ಟೆಯ ಜೊತೆ ಇಟ್ಟಿಗೆ ಬಣ್ಣದ ತುಕ್ಕು ಪುಡಿಪುಡಿಯಾಗಿ ಉದುರಿತು.

"ಬಿಸಿನೀರು ಹುಯ್ದು ತೊಳೀಲಿಲ್ವೇನಮ್ಮ? ಕರಿಮದ್ದಿನ ಮಸಿ ಉಪ್ಪಿದ್ದ ಹಾಗೆ. ಅವತ್ತವತ್ತೇ ತೊಳೀದಿದ್ರೆ ಕಬ್ಬಿಣ ತಿಂದುಹಾಕುತ್ತೆ. ಇದು ಮುಗೀತು."

"ಅಯ್ಯೋ, ನಾನು ಹೇಳಿರ್ಲಿಲ್ವೇನೇ?" ಎಂದ ಅಣ್ಣ. ಅವನ ದನಿ ಎಣ್ಣೆ ಸವರಿದಷ್ಟು ನುಣುಪಾಗಿತ್ತು.

ಅವಳು ಒಲೆಯ ಕಡೆ ತಿರುಗಿದಳು. ಕೆಟಲ್‌ನಲ್ಲಿ ನೀರು ಕುದಿಯುತ್ತಿತ್ತು.

ಗಿರಾಕಿ ಆ ಬಟ್ಟೆಯನ್ನು ಅಪ್ಪನ ತೊಡೆಯ ಮೇಲಿಟ್ಟ. ಅಪ್ಪ ಎಡಗೈ ಬೆರಳುಗಳಲ್ಲಿ ತುಕ್ಕನ್ನು ಬಹಳ ಹೊತ್ತು ಹೊಸಕಿದ.

"ಅಪ್ಪಾ, ನಂಗೆ ಗೊತ್ತಿರ್ಲಿಲ್ಲ. ಇವನು ಹೇಳ್ಲೇ ಇಲ್ಲ." ಅವಳು ಅವನ ಮೊಣಕಾಲು ಹಿಡಿದಳು.

ಮಗ ಹೇಳಲಿಲ್ಲವೆಂಬುದು ಅಪ್ಪನಿಗೆ ಗೊತ್ತಿತ್ತು. ಅಂಗೈ ಕೆಂಪಾಗುವಷ್ಟು ತಾನು ಹೇಳಿದ್ದೂ, ಅವಳು ನಕ್ಕದ್ದೂ ಗೊತ್ತಿತ್ತು. ಅವನು ಅವಳ ಕೈ ಸರಿಸಿ ಮುಖ ಅತ್ತ ತಿರುಗಿಸಿದ.

"ಟೀ ಕುಡೀತೀಯಾ ಅಪ್ಪ?" ಅಣ್ಣ ಲೋಟ ತಂದ.

ಈ ಸಲ ಅಪ್ಪ ಬಡಿಯಲಿಲ್ಲ. ಬಾಯಿ ತೆರೆದ.